ಕೂರುವ ಗಂಟೆಗಳ ಲೆಕ್ಕ: ಅಲಾಸ್ಕಾದ ಒಂದು ಬೇಸಿಗೆ ಪ್ರವಾಸದ ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣದ ಕುಟುಂಬ ಅಮೆರಿಕದ ದಕ್ಷಿಣದ ರಾಜ್ಯವೊಂದರಲ್ಲಿ ನೆಲೆಸಿದೆ. ಗಂಡ, ಹೆಂಡತಿ, 13 ವರ್ಷದ ಮಗಳು, 4 ವರ್ಷದ ಮಗ, ಜೊತೆಗೆ ಆರು ತಿಂಗಳ ಮಟ್ಟಿಗೆ ಮಗನ ಮನೆಗೆ ಬಂದಿದ್ದ 73 ವರ್ಷದ ಅಜ್ಜಿ, ಹೀಗೆ ಒಟ್ಟು ಐವರು. ಗುರುತು ಸಿಗಬಾರದೆಂದು ಹೆಸರುಗಳನ್ನು ಬಿಟ್ಟಿದ್ದೇನೆ, ಕೆಲವು ಚಿಕ್ಕ ವಿವರಗಳನ್ನು ಬದಲಿಸಿದ್ದೇನೆ. ಆದರೆ ಅವರು ತೆಗೆದುಕೊಂಡ ತೀರ್ಮಾನಗಳನ್ನಾಗಲಿ ಅವುಗಳ ಕ್ರಮವನ್ನಾಗಲಿ ಮುಟ್ಟಿಲ್ಲ. ಅಲಾಸ್ಕಾ ನೋಡಿ ಬಂದವನೆಂಬ ಒಂದೇ ಅರ್ಹತೆಯ ಮೇಲೆ 2024ರ ಫೆಬ್ರವರಿಯಲ್ಲಿ ಇವರ ಪ್ರವಾಸದ ಯೋಜನೆ ನನ್ನ ಕೈಗೆ ಬಂತು.

ಅಜ್ಜಿಗೆ ಎರಡೂ ಮಂಡಿಗಳು ಸವೆದಿದ್ದವು, ಸಕ್ಕರೆ ಕಾಯಿಲೆಗೆ ಮಾತ್ರೆ ನಡೆದಿತ್ತು. ಜುಲೈ ಕೊನೆಗೆ ಅವರು ಹಿಂದಿರುಗಬೇಕಿದ್ದರಿಂದ ಪ್ರವಾಸ ಜೂನ್‌ನಲ್ಲೇ ಆಗಬೇಕಿತ್ತು. ಇದು ಅನಿವಾರ್ಯವಾಗಿ ಬಂದ ತೀರ್ಮಾನವಾದರೂ ಕೆಟ್ಟದ್ದೇನಲ್ಲ. ಅಲ್ಲಿ ಜುಲೈ, ಆಗಸ್ಟ್‌ಗಳಿಗಿಂತ ಜೂನ್ ಮೊದಲಾರ್ಧದಲ್ಲಿ ಮಳೆ ಕಡಿಮೆ, ಸೊಳ್ಳೆಗಳ ಕಾಟವೂ ಇನ್ನೂ ತುದಿ ಮುಟ್ಟಿರುವುದಿಲ್ಲ.

ಮೊದಲ ಯೋಜನೆ

ಗಂಡ ಸಿದ್ಧಪಡಿಸಿದ್ದ ಯೋಜನೆ ನೋಡಲು ಅಚ್ಚುಕಟ್ಟಾಗಿತ್ತು. ಒಂಬತ್ತು ರಾತ್ರಿ, ಏಳು ವಸತಿಗಳು. ಆಂಕರೇಜ್‌ನಲ್ಲಿ ಇಳಿದು, ಬಾಡಿಗೆ ಕಾರಿನಲ್ಲಿ ದಕ್ಷಿಣದ ಸೀವರ್ಡ್‌ಗೆ, ಅಲ್ಲಿಂದ ಹೋಮರ್‌ಗೆ, ಮತ್ತೆ ಆಂಕರೇಜ್‌ಗೆ, ಉತ್ತರಕ್ಕೆ ತಿರುಗಿ ಡೆನಾಲಿ ರಾಷ್ಟ್ರೀಯ ಉದ್ಯಾನಕ್ಕೆ, ಮುಂದೆ ಫೇರ್‌ಬ್ಯಾಂಕ್ಸ್‌ಗೆ, ಕೊನೆಗೆ ಉತ್ತರ ಧ್ರುವವೃತ್ತದ ಫಲಕದವರೆಗೆ ಹೋಗಿ ಬರುವುದು. ಒಂದೊಂದು ಜಾಗದ ಮುಂದೆಯೂ ಮೈಲಿ, ಬಾಡಿಗೆ, ಊಟದ ಸ್ಥಳಗಳನ್ನು ಬರೆದಿದ್ದರು. ಕಾಗದದ ಮೇಲೆ ಯಾವುದೂ ಕೈಗೆಟುಕದ್ದಾಗಿರಲಿಲ್ಲ.

ಇದಕ್ಕೂ ಮುಂಚೆ ಇನ್ನೊಂದು ವಿಚಾರ ಬಂದು ಬಿದ್ದುಹೋಗಿತ್ತು. ಅಜ್ಜಿಗೆ ಕೂತಲ್ಲೇ ಎಲ್ಲವೂ ಸಿಗಲಿ ಎಂದು ಹಡಗಿನ ಪ್ರವಾಸವನ್ನು ಸೊಸೆ ಸೂಚಿಸಿದ್ದರು. ಅದು ತಪ್ಪಲು ಕಾರಣ ಹಣವಲ್ಲ, ಪಾಸ್‌ಪೋರ್ಟ್. ಅಮೆರಿಕದ 1886ರ ಹಡಗು ಕಾಯಿದೆಯೊಂದರ ಪ್ರಕಾರ ವಿದೇಶಿ ಹಡಗುಗಳು ಅಮೆರಿಕದ ಬಂದರುಗಳ ನಡುವೆಯಷ್ಟೇ ಪ್ರಯಾಣಿಕರನ್ನು ಸಾಗಿಸುವಂತಿಲ್ಲ. ಆದ್ದರಿಂದ ಸಿಯಾಟಲ್‌ನಿಂದ ಹೊರಡುವ ಅಲಾಸ್ಕಾ ಹಡಗುಗಳೂ ಸಾಮಾನ್ಯವಾಗಿ ಕೆನಡಾದ ಒಂದು ಬಂದರನ್ನು ಮುಟ್ಟಿಯೇ ಬರುತ್ತವೆ. ಭಾರತದ ಪಾಸ್‌ಪೋರ್ಟ್ ಹೊಂದಿದ್ದ ಅಜ್ಜಿಗೆ ಅದಕ್ಕೆ ಕೆನಡಾದ ವೀಸಾ ಬೇಕು, ಅಮೆರಿಕಕ್ಕೆ ಮರಳಿ ಪ್ರವೇಶಿಸುವ ಲೆಕ್ಕವೂ ಸರಿಯಾಗಿರಬೇಕು. ರಸ್ತೆಯಲ್ಲಿ ಹೋಗುವುದಿದ್ದರೂ ಕೆನಡಾ ದಾಟದೆ ಅಲಾಸ್ಕಾ ಸೇರಲು ದಾರಿಯಿಲ್ಲ. ವಿಮಾನವೊಂದೇ ಉಳಿಯಿತು. ತಂದೆ ತಾಯಂದಿರನ್ನು ಕರೆಸಿಕೊಂಡಾಗಲೇ ಇಂಥ ಪ್ರವಾಸ ಇಟ್ಟುಕೊಳ್ಳುವ ನಮ್ಮವರು ಹಡಗಿನ ಮುಂಗಡ ಕಟ್ಟುವ ಮೊದಲು ಈ ಒಂದು ವಿಷಯವನ್ನು ನೋಡಿಕೊಳ್ಳಬೇಕು.

ಸಮಸ್ಯೆ ಎಲ್ಲಿತ್ತು

ಯೋಜನೆಯಲ್ಲಿ ಮೂರು ತೊಡಕುಗಳಿದ್ದವು. ಎರಡು ಬೇಗ ಸಿಕ್ಕವು.

ಮೊದಲನೆಯದು ಡೆನಾಲಿಯ ರಸ್ತೆ. ಸುಮಾರು 60 ಲಕ್ಷ ಎಕರೆಯ ಆ ಉದ್ಯಾನಕ್ಕೆ ಇರುವುದು 92 ಮೈಲಿಯ, ಅಂದರೆ 148 ಕಿಲೋಮೀಟರಿನ ಒಂದೇ ರಸ್ತೆ. ಬೇಸಿಗೆಯಲ್ಲಿ ಸ್ವಂತ ವಾಹನಕ್ಕೆ 15ನೇ ಮೈಲಿಯ ಸ್ಯಾವೇಜ್ ನದಿಯವರೆಗೆ ಮಾತ್ರ ಅನುಮತಿ, ಮುಂದಕ್ಕೆ ಉದ್ಯಾನದ ಬಸ್ಸೇ ಗತಿ. ಗಂಡ ತಮ್ಮ ಯೋಜನೆಯನ್ನು 2018ರಲ್ಲಿ ಹೋಗಿ ಬಂದಿದ್ದ ಸ್ನೇಹಿತರ ಟಿಪ್ಪಣಿಯಿಂದ ಇಳಿಸಿಕೊಂಡಿದ್ದರು. ಅದರಲ್ಲಿ 66ನೇ ಮೈಲಿಯ ಐಲ್ಸನ್ ಸಂದರ್ಶಕ ಕೇಂದ್ರವಿತ್ತು, 85ನೇ ಮೈಲಿಯ ವಂಡರ್ ಲೇಕ್ ಇತ್ತು, ಆ ಸರೋವರದಲ್ಲಿ ಬಿದ್ದ ಡೆನಾಲಿ ಶಿಖರದ ಪ್ರತಿಬಿಂಬದ ಫೋಟೋ ಕೂಡ ಅಂಟಿಸಿತ್ತು. ಆದರೆ 2021ರ ಆಗಸ್ಟ್‌ನಿಂದ ರಸ್ತೆ 43ನೇ ಮೈಲಿಯಲ್ಲೇ ನಿಂತಿತ್ತು. ಪ್ರೆಟಿ ರಾಕ್ಸ್ ಎಂಬಲ್ಲಿ ಹೆಪ್ಪುಗಟ್ಟಿದ ನೆಲ ಕರಗಿ ಇಳಿಜಾರು ಜರುಗುತ್ತಿದೆ. 2014ಕ್ಕೆ ಮುಂಚೆ ವರ್ಷಕ್ಕೆ ಕೆಲವು ಇಂಚು ಸರಿಯುತ್ತಿದ್ದ ರಸ್ತೆ 2021ರ ಹೊತ್ತಿಗೆ ಗಂಟೆಗೆ ಅರ್ಧ ಇಂಚಿಗೂ ಹೆಚ್ಚು ಸರಿಯತೊಡಗಿತು. ಜಲ್ಲಿ ಸುರಿದು ಮಟ್ಟ ಮಾಡುತ್ತಿದ್ದವರು ಕೊನೆಗೆ ಕೈಬಿಟ್ಟು ಅಲ್ಲಿ ಸೇತುವೆ ಕಟ್ಟಲು ಹೊರಟರು. ಇದನ್ನು ಕೇಳಿದ ಗಂಡ ಎರಡು ದಿನ ನನಗೆ ಫೋನ್ ಮಾಡಲಿಲ್ಲ. ಅವರಿಗೆ ಅಲಾಸ್ಕಾ ಎಂದರೆ ಆ ಫೋಟೋ ಆಗಿತ್ತು.

ಎರಡನೆಯದು ಮಗಳ ಆಸೆ. ಧ್ರುವವೃತ್ತದ ಫಲಕ ಇರುವುದು ಫೇರ್‌ಬ್ಯಾಂಕ್ಸ್‌ನಿಂದ ಸುಮಾರು 200 ಮೈಲಿ ಉತ್ತರದಲ್ಲಿ, ಬಹುಪಾಲು ಜಲ್ಲಿಕಲ್ಲಿನ ಡಾಲ್ಟನ್ ಹೆದ್ದಾರಿಯ ಮೇಲೆ. ಇವರ ಕಾರಿನ ಬಾಡಿಗೆ ಕರಾರಿನ ಸಣ್ಣಕ್ಷರದಲ್ಲಿ ಆ ರಸ್ತೆಯ ಹೆಸರು ಬರೆದೇ ನಿಷೇಧಿಸಲಾಗಿತ್ತು. ಮಗಳು ಆ ಸಾಲನ್ನು ತಾನೇ ಓದಿ, ಯೋಜನೆಯಿಂದ ಆ ದಿನವನ್ನು ತಾನೇ ಅಳಿಸಿದಳು. ದೊಡ್ಡವರು ಬೇಡವೆಂದಿದ್ದರೆ ಜಗಳವಾಗುತ್ತಿತ್ತು. ಕರಾರು ಬೇಡವೆಂದಾಗ ಆಗಲಿಲ್ಲ.

ಮೂರನೆಯ ತೊಡಕು ಯಾರ ಕಣ್ಣಿಗೂ ಬೀಳದಂತೆ ಇಡೀ ಯೋಜನೆಯಲ್ಲಿ ಹರಡಿಕೊಂಡಿತ್ತು. ಎಲ್ಲವನ್ನೂ ಮೈಲಿಗಳಲ್ಲಿ ಅಳೆಯಲಾಗಿತ್ತು. ಮೈಲಿ ಕಾರಿನ ಅಳತೆ. ಅಜ್ಜಿಯ ಮಂಡಿಗೆ, ನಾಲ್ಕು ವರ್ಷದ ಮಗುವಿಗೆ ತಿಳಿಯುವುದು ಎಷ್ಟು ಹೊತ್ತು ಕೂತೆವು ಎಂಬುದು. ನಾನು ಪ್ರತಿ ದಿನದ ಮುಂದೆ ‘ಕೂರುವ ಗಂಟೆ’ ಎಂಬ ಒಂದು ಕಾಲಂ ಹಾಕಿ ತುಂಬಿಸಿದೆ. ಸೀವರ್ಡ್‌ಗೆ ಎರಡೂವರೆ, ದೋಣಿಯಲ್ಲಿ ಆರು, ಹೋಮರ್‌ಗೆ ನಾಲ್ಕು, ಮರಳಿ ನಾಲ್ಕೂವರೆ, ಡೆನಾಲಿಗೆ ಐದು, ಅಲ್ಲಿಯ ಬಸ್ಸಿನಲ್ಲಿ ಐದು, ಫೇರ್‌ಬ್ಯಾಂಕ್ಸ್‌ಗೆ ಎರಡೂವರೆ, ಧ್ರುವವೃತ್ತಕ್ಕೆ ಹೋಗಿ ಬರಲು ಹನ್ನೊಂದು. ವಿಮಾನ ಬಿಟ್ಟು ನಲವತ್ತು ಗಂಟೆ ದಾಟಿತು. ಇದನ್ನು ನೋಡಿ ಸೊಸೆ, ‘ಇದು ಪ್ರವಾಸ ಅಲ್ಲ, ಅತ್ತೆಯವರಿಗೆ ಡ್ಯೂಟಿ’ ಎಂದರು.

ಪರೀಕ್ಷೆ ಮತ್ತು ಎರಡನೆಯ ಯೋಜನೆ

ಅಜ್ಜಿಯನ್ನು ಕೇಳಿದರೆ ಉತ್ತರ ಒಂದೇ: ‘ನನಗೇನಪ್ಪ, ಕೂತಿರ್ತೀನಿ, ನೀವು ನೋಡ್ಕೊಳ್ಳಿ.’ ಹಿರಿಯರ ಈ ಮಾತನ್ನು ಒಪ್ಪಿಗೆ ಎಂದು ತಿಳಿದು ಟಿಕೆಟ್ ಮಾಡಿದ ಎಷ್ಟೋ ಮನೆಗಳನ್ನು ಕಂಡಿದ್ದೇನೆ. ಆದ್ದರಿಂದ ಒಂದು ಭಾನುವಾರ ಅವರ ಊರಿನ ಆಸುಪಾಸಿನಲ್ಲೇ ಐದು ಗಂಟೆ ಕಾರಿನಲ್ಲಿ ಸುತ್ತಿ ಬರುವಂತೆ ಹೇಳಿದೆ. ಪ್ರವಾಸದಲ್ಲಿ ಯಾರು ಎಲ್ಲಿ ಕೂರುತ್ತಾರೋ ಅಲ್ಲೇ ಕೂರಬೇಕು, ಮಗುವಿನ ಸುರಕ್ಷತಾ ಆಸನವೂ ಅದೇ ಜಾಗದಲ್ಲಿರಬೇಕು. ಒಂದೂವರೆ ಗಂಟೆಯ ನಂತರ ಕಾರು ನಿಲ್ಲಿಸಿದಾಗ ಅಜ್ಜಿ ಬಾಗಿಲು ಹಿಡಿದು ನಿಂತರೇ ಹೊರತು ಹೆಜ್ಜೆ ಎತ್ತಲಾಗಲಿಲ್ಲ. ಹತ್ತು ನಿಮಿಷ ಅಡ್ಡಾಡಿದ ಮೇಲೆ ಸರಿಯಾದರು. ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ ಬದಲಿಸಿದಾಗ ಒಂದೂಮುಕ್ಕಾಲು ಗಂಟೆ ತಡೆದರು. ಮಗುವಿನ ಬಗ್ಗೆ ಎಲ್ಲರಿಗೂ ಇದ್ದ ಭಯ ಸುಳ್ಳಾಯಿತು, ಅವನು ಅರ್ಧ ದಾರಿ ನಿದ್ದೆ ಹೊಡೆದ. ಆ ಭಾನುವಾರ ಸಿಕ್ಕ ಎರಡು ಅಂಕಿಗಳ ಮೇಲೆ ಉಳಿದೆಲ್ಲ ನಿಂತಿತು: ಒಮ್ಮೆಗೆ ಒಂದೂವರೆ ಗಂಟೆ, ದಿನಕ್ಕೆ ಐದು ಗಂಟೆ, ಅದಕ್ಕೆ ಮೀರಿದ್ದು ಬೇಡ.

ಅದೇ ಸಂಜೆ ಒಬ್ಬೊಬ್ಬರಿಗೂ ಏನು ಬೇಕೆಂದು ಪ್ರತ್ಯೇಕವಾಗಿ ಕೇಳಿದೆ. ಗಂಡನಿಗೆ ಶಿಖರ, ಮಗಳಿಗೆ ಸಮುದ್ರಕ್ಕೆ ಕಳಚಿ ಬೀಳುವ ಹಿಮನದಿ, ಮಗನಿಗೆ ಕರಡಿ, ಅಜ್ಜಿಗೆ ‘ಹಿಮ ಕೈಯಲ್ಲಿ ಹಿಡಿಯೋದು’. ಯೋಜನೆಯಲ್ಲಿ ಅದುವರೆಗೆ ಎಲ್ಲೂ ಕಾಣದಿದ್ದ ಬೇಡಿಕೆ ಸೊಸೆಯದು: ‘ದಿನಾ ಬೆಳಿಗ್ಗೆ ಸೂಟ್‌ಕೇಸ್ ಕಟ್ಟೋದು ಬೇಡ.’ ಏಳು ವಸತಿಗಳ ಯೋಜನೆಯನ್ನು ಮುರಿದದ್ದು ಅಜ್ಜಿಯ ಮಂಡಿಗಿಂತ ಹೆಚ್ಚಾಗಿ ಈ ಮಾತು ಎಂದು ನನ್ನ ಎಣಿಕೆ.

ಹೋಮರ್, ಫೇರ್‌ಬ್ಯಾಂಕ್ಸ್ ಎರಡನ್ನೂ ಕೈಬಿಡಲಾಯಿತು. ಆಂಕರೇಜ್‌ನಲ್ಲಿ ಒಂದು ರಾತ್ರಿ, ಸೀವರ್ಡ್‌ನಲ್ಲಿ ಮೂರು, ಡೆನಾಲಿಯ ದಾರಿಯಲ್ಲಿರುವ ಟಾಕೀಟ್ನಾ ಊರಿನಲ್ಲಿ ಒಂದು, ಡೆನಾಲಿಯ ಬಾಗಿಲಲ್ಲಿ ಮೂರು, ಮರಳುವಾಗ ಆಂಕರೇಜ್‌ನಲ್ಲಿ ಒಂದು. ಸೀವರ್ಡ್ ಮತ್ತು ಡೆನಾಲಿಯಲ್ಲಿ ಒಂದೊಂದು ದಿನ ಏನನ್ನೂ ಕಾಯ್ದಿರಿಸದೆ ಬರಿದಾಗಿ ಬಿಡುವುದೆಂದೂ ಆಯಿತು. ಗಂಡ ಇದಕ್ಕೆ ಸುಲಭವಾಗಿ ಒಪ್ಪಲಿಲ್ಲ. ಡೆನಾಲಿಯ ಬಾಗಿಲಲ್ಲಿ ಒಂದು ರಾತ್ರಿಯ ಕೋಣೆಗೆ ಅಷ್ಟು ಹಣ ಕೊಟ್ಟು ಸುಮ್ಮನೆ ಕೂರುವುದೇ ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ಬೇಸಿಗೆಯಲ್ಲಿ ಅಲ್ಲಿಗೆ ಹೋದವರಲ್ಲಿ ಮೂರರಲ್ಲಿ ಒಂದು ಪಾಲಿನವರಿಗಷ್ಟೇ ಶಿಖರ ಕಾಣುತ್ತದೆ, ಉಳಿದವರಿಗೆ ಮೋಡ ಕಾಣುತ್ತದೆ. ಬರಿದಾದ ದಿನವೆಂದರೆ ಆ ಲಾಟರಿಗೆ ಇನ್ನೊಂದು ಚೀಟಿ ಎಂದು ನಾನು ವಾದಿಸಿದೆ. ಒಪ್ಪಿದರು. ನಿಜ ಹೇಳಬೇಕೆಂದರೆ, ಅವರನ್ನು ಒಪ್ಪಿಸಲು ಶಿಖರದ ಆಸೆ ತೋರಿಸಿದೆ; ನನ್ನ ಮನಸ್ಸಿನಲ್ಲಿದ್ದದ್ದು ಅಜ್ಜಿಯ ವಿಶ್ರಾಂತಿ.

ಹಣದ ವಿಚಾರದಲ್ಲಿ ಒಂದು ಚಿಕ್ಕ ಮಾತು. ರಾಷ್ಟ್ರೀಯ ಉದ್ಯಾನಗಳಿಗೆ ಹಿರಿಯ ನಾಗರಿಕರ ಪಾಸು ಇದೆಯೆಂದು ಅದನ್ನು ಅಜ್ಜಿಯ ಹೆಸರಿನಲ್ಲಿ ಕೊಳ್ಳಲು ಹೊರಟಿದ್ದರು. ಅದು ಅಮೆರಿಕದ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಆಗ 80 ಡಾಲರಿದ್ದ ವಾರ್ಷಿಕ ಪಾಸೂ ಬೇಕಿರಲಿಲ್ಲ. ಡೆನಾಲಿಯ ಪ್ರವೇಶ ಆಗ 16 ತುಂಬಿದವರಿಗೆ ತಲಾ 15 ಡಾಲರ್ ಇತ್ತು, ಅಂದರೆ ಮೂವರಿಗೆ 45. ಸೀವರ್ಡ್ ಪಕ್ಕದ ಕೀನೈ ಫ್ಯೋರ್ಡ್ಸ್ ಉದ್ಯಾನಕ್ಕೆ ಪ್ರವೇಶ ಶುಲ್ಕವೇ ಇಲ್ಲ.

ನಡೆದದ್ದು

ಮೊದಲ ರಾತ್ರಿಯೇ ಯಾರೂ ಎಣಿಸದ ತೊಂದರೆ. ರಾತ್ರಿ ಹನ್ನೊಂದಾದರೂ ಆಂಕರೇಜ್‌ನಲ್ಲಿ ಸೂರ್ಯ ಮುಳುಗಿರಲಿಲ್ಲ, ಕೋಣೆಯ ಪರದೆ ತೆಳ್ಳಗಿತ್ತು, ಮಗು ಮಲಗಲು ಒಪ್ಪಲಿಲ್ಲ. ಅಜ್ಜಿ ತಮ್ಮ ಚೀಲದಿಂದ ಒಂದು ಹಳೆಯ ಕಡುನೀಲಿ ನೂಲಿನ ಸೀರೆ ತೆಗೆದು, ನಾಲ್ಕು ಮಡಿಕೆ ಮಾಡಿ, ಮೊಮ್ಮಗಳ ಕೂದಲಿನ ಕ್ಲಿಪ್ಪುಗಳಿಂದ ಪರದೆಯ ಕಂಬಿಗೆ ಸಿಕ್ಕಿಸಿದರು. ಆ ಸೀರೆ ಐದೂ ವಸತಿಗಳ ಕಿಟಕಿಗಳನ್ನು ಮುಚ್ಚಿತು.

ಸೀವರ್ಡ್‌ನಲ್ಲಿ ದೋಣಿಯದು ದೊಡ್ಡ ತೀರ್ಮಾನ. ಹಿಮನದಿ ಸಮುದ್ರ ಸೇರುವಲ್ಲಿಗೆ ಹೋಗುವ ಯಾನಕ್ಕೆ ಆರು ಗಂಟೆ ಬೇಕು, ನಡುವೆ ತೆರೆದ ಕಡಲಿನ ತೂಗಾಟವೂ ಇದೆ. ರೆಸರೆಕ್ಷನ್ ಕೊಲ್ಲಿಯೊಳಗೇ ಸುತ್ತುವ ಚಿಕ್ಕ ಯಾನ ನಾಲ್ಕು ಗಂಟೆಯೊಳಗೆ ಮುಗಿಯುತ್ತದೆ. ‘ಎಲ್ಲರೂ ಒಟ್ಟಿಗೆ’ ಎಂಬ ಭಾವನೆಗೆ ಕಟ್ಟುಬಿದ್ದು ಚಿಕ್ಕದನ್ನು ಆರಿಸಿದರು, ನಾನೂ ತಲೆಯಾಡಿಸಿದ್ದೆ. ಕಡಲ ನೀರುನಾಯಿಗಳು ಬೆನ್ನ ಮೇಲೆ ತೇಲುತ್ತಿದ್ದದ್ದು ಕಂಡಿತು, ಬಂಡೆಗಳ ಮೇಲೆ ಕಡಲಸಿಂಹಗಳೂ ಕಂಡವು; ಹಿಮನದಿ ಕಳಚಿ ಬೀಳುವುದನ್ನು ನೋಡಬೇಕೆಂದಿದ್ದ ಮಗಳು ಮರಳುವಾಗ ಯಾರೊಡನೆಯೂ ಮಾತಾಡಲಿಲ್ಲ. ಅಜ್ಜಿಗೆ ಚಿಕ್ಕ ಯಾನವೂ ಸಾಕುಸಾಕಾಗಿತ್ತು. ಹೀಗೆ ಇಬ್ಬರಿಗೂ ಸಲ್ಲಲಿಲ್ಲ. ಅಪ್ಪ ಮಗಳು ಆರು ಗಂಟೆಯ ದೋಣಿಗೆ ಹೋಗಿ, ಉಳಿದವರು ದಡದಲ್ಲಿ ಉಳಿದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಈಗ ಅನಿಸುತ್ತದೆ.

ಮರುದಿನ ಬರಿದಾಗಿ ಬಿಟ್ಟ ದಿನ. ಎಕ್ಸಿಟ್ ಹಿಮನದಿಯವರೆಗೆ ಕಾರು ಹೋಗುತ್ತದೆ, ಅಲ್ಲಿಂದ ಗಾಲಿಕುರ್ಚಿಯೂ ಹೋಗಬಲ್ಲ ಸುಮಾರು ಒಂದು ಮೈಲಿಯ ಸುತ್ತುದಾರಿಯಿದೆ. ದಾರಿಯಲ್ಲಿ, ಯಾವ ವರ್ಷ ಹಿಮದ ಅಂಚು ಎಲ್ಲಿತ್ತು ಎಂದು ತೋರಿಸುವ ಫಲಕಗಳಿವೆ. 1951ರ ಫಲಕದ ಪಕ್ಕದಲ್ಲಿ ಅಜ್ಜಿ ನಿಂತರು; ಅದು ಅವರು ಹುಟ್ಟಿದ ವರ್ಷ. ಅವರು ಹುಟ್ಟಿದಾಗ ಆ ಜಾಗದಲ್ಲಿದ್ದ ಹಿಮ ಈಗ ಬೆಟ್ಟದ ಮೇಲಕ್ಕೆ ಸರಿದಿತ್ತು, ನಡುವೆಯೆಲ್ಲ ಬೂದುಬಣ್ಣದ ಕಲ್ಲು ಮತ್ತು ಎಳೆಯ ಮರಗಳು. ಕೈಯಲ್ಲಿ ಹಿಡಿಯಲು ಹಿಮ ಸಿಕ್ಕಿದ್ದು ವಾಹನ ನಿಲುಗಡೆಯ ಅಂಚಿನ ನೆರಳಿನಲ್ಲಿ ಕರಗದೆ ಉಳಿದ ಒಂದು ಕೊಳಕು ರಾಶಿಯಲ್ಲಿ. ಅದರಿಂದಲೇ ಅವರಿಗೆ ತೃಪ್ತಿಯಾಯಿತು.

ಟಾಕೀಟ್ನಾದಲ್ಲಿ ಗಂಡ ಶಿಖರದ ಸುತ್ತ ಹಾರುವ ಚಿಕ್ಕ ವಿಮಾನವನ್ನು ತಮಗೂ ಮಗಳಿಗೂ ಕಾಯ್ದಿರಿಸಿದ್ದರು. ಮೋಡದಿಂದ ರದ್ದಾಯಿತು, ಹಣ ಮರಳಿತು.

ಡೆನಾಲಿಯಲ್ಲಿ ವಿವರಣೆಯಿರುವ ಪ್ರವಾಸಿ ಬಸ್ಸಿನ ಬದಲು ಸಾಮಾನ್ಯ ಸಾರಿಗೆ ಬಸ್ಸನ್ನು ಆರಿಸಿದ್ದರು. 15 ವರ್ಷದವರೆಗಿನ ಮಕ್ಕಳಿಗೆ ಅದರಲ್ಲಿ ಹಣ ಕೊಡಬೇಕಿಲ್ಲ, ಬೇಕಾದಲ್ಲಿ ಇಳಿದು ಹಿಂದೆ ಬರುವ ಬಸ್ಸು ಹತ್ತಬಹುದು. ಪುಟ್ಟ ಮಗುವಿಗೆ ಸುರಕ್ಷತಾ ಆಸನ ಬಸ್ಸಿನಲ್ಲೂ ಬೇಕು, ಅದನ್ನು ನಾವೇ ಒಯ್ಯಬೇಕು. ಇದನ್ನು ಮೊದಲೇ ಹೇಳಿದ್ದರಿಂದ ಬಾಡಿಗೆ ಕಾರಿನ ಆಸನವನ್ನು ಬಿಚ್ಚಿ ತಂದಿದ್ದರು. ಹೋಗುವಾಗ ಒಂದು ಗ್ರಿಜ್ಲಿ ಕರಡಿ ಎರಡು ಮರಿಗಳೊಂದಿಗೆ ದೂರದ ಇಳಿಜಾರಿನಲ್ಲಿ ಬೇರು ಅಗೆಯುತ್ತಿತ್ತು. ಮಗ ಅದನ್ನು ಹಸು ಎಂದು ಸಾಧಿಸಿದ.

ಎಡವಟ್ಟಾದದ್ದು ಮರಳುವಾಗ. 30ನೇ ಮೈಲಿಯ ಟೆಕ್ಲನಿಕಾ ತಂಗುದಾಣದಲ್ಲಿ ಅಜ್ಜಿಗೆ ಕಾಲು ಚಾಚಬೇಕಿತ್ತು, ಮಗನಿಗೆ ನದಿಗೆ ಕಲ್ಲೆಸೆಯಬೇಕಿತ್ತು. ಹಿಂದೆ ಬರುವ ಬಸ್ಸಿಗೆ ಹತ್ತೋಣವೆಂದು ಐವರೂ ಇಳಿದರು. ಮುಂದಿನ ಬಸ್ಸಿನಲ್ಲಿ ಒಂದೇ ಸೀಟು ಖಾಲಿಯಿತ್ತು. ಅದರ ಹಿಂದಿನದರಲ್ಲಿ ಎರಡು. ಅಷ್ಟರಲ್ಲಿ ಮಳೆ ಹನಿಯತೊಡಗಿತ್ತು, ಜಲ್ಲಿಯ ಮೇಲಿಟ್ಟಿದ್ದ ಮಗುವಿನ ಆಸನ ನೆನೆಯುತ್ತಿತ್ತು. ಗಂಡ ಅಮ್ಮನನ್ನೂ ಹೆಂಡತಿಯನ್ನೂ ಆ ಬಸ್ಸಿಗೆ ಹತ್ತಿಸಿದರು. ಬಸ್ಸು ತಿರುವು ದಾಟಿದ ಮೇಲೆ ಹೊಳೆಯಿತು: ಕಾರಿನ ಕೀಲಿ, ಕೋಣೆಯ ಕೀಲಿ, ತಿಂಡಿಯ ಚೀಲ, ಅಜ್ಜಿಯ ಮಾತ್ರೆ ಎಲ್ಲವೂ ತಮ್ಮ ಬಳಿಯೇ ಇದ್ದವು. ಉದ್ಯಾನದ ಬಾಗಿಲಿನಿಂದ ಕೆಲವೇ ಮೈಲಿ ಒಳಗೆ ಹೋದರೆ ಮೊಬೈಲ್ ಸಂಪರ್ಕವಿಲ್ಲ, ಆ ರಸ್ತೆಯುದ್ದಕ್ಕೂ ತಿನ್ನಲು ಏನನ್ನೂ ಮಾರುವುದಿಲ್ಲ. ಹೊತ್ತು ಮೀರಿದ್ದೂ ಅವರಿಗೆ ತಿಳಿದಿರಲಿಲ್ಲ. ಬೆಳಕು ಇಳಿಯದ ಕಡೆ ಹಸಿವಿಗೆ ಗಡಿಯಾರ ನೋಡಬೇಕು, ಆಕಾಶ ನೋಡಿದರೆ ಸಾಲದು.

ಬಸ್ಸಿನಲ್ಲಿ ಅಜ್ಜಿ ಸ್ವಲ್ಪ ಬೆವರಿ, ಕೈ ನಡುಗುತ್ತಿದೆ ಎಂದರು. ಬೆಳಿಗ್ಗೆ ಮಗ ಅರ್ಧ ತಿಂದು ತನ್ನ ಅಮ್ಮನ ಜಾಕೆಟ್ ಜೇಬಿಗೆ ತುರುಕಿದ್ದ ಶೇಂಗಾ ಚಿಕ್ಕಿಯ ತುಂಡು ಸೊಸೆಯ ಕೈಗೆ ಸಿಕ್ಕಿತು. ಅದನ್ನು ತಿಂದು ಹತ್ತು ಹದಿನೈದು ನಿಮಿಷದಲ್ಲಿ ಅಜ್ಜಿ ಚೇತರಿಸಿಕೊಂಡರು. ಅತ್ತೆ ಸೊಸೆ ಬಸ್ ನಿಲ್ದಾಣದಲ್ಲಿ ಕಾದದ್ದು ಒಂದು ಗಂಟೆಗೂ ಹೆಚ್ಚು. ಉಳಿದ ಮೂವರು ಎಲ್ಲಿಗೆ ಬರುತ್ತಾರೆಂಬುದೂ ಅವರಿಗೆ ಖಾತ್ರಿಯಿರಲಿಲ್ಲ.

ಈ ಘಟನೆಯಲ್ಲಿ ನನ್ನ ಪಾಲು ಇದೆ. ಯೋಜನೆಯಲ್ಲಿ ‘ಇಷ್ಟವಾದಲ್ಲಿ ಇಳಿಯಬಹುದು’ ಎಂದು ಬರೆದವನು ನಾನು. ಹತ್ತುವುದು ಖಾಲಿ ಸೀಟಿದ್ದರೆ ಮಾತ್ರ ಎಂಬುದು ನನಗೆ ಗೊತ್ತಿತ್ತು. ಆದರೆ ನಾನು ಯಾವಾಗಲೂ ಒಬ್ಬನೇ ಹೋದವನು, ಒಬ್ಬನಿಗೆ ಎಲ್ಲ ಬಸ್ಸಿನಲ್ಲೂ ಜಾಗ ಸಿಗುತ್ತದೆ. ಐವರ ಕುಟುಂಬಕ್ಕೆ ಅದೇ ಸೌಲಭ್ಯ ಬಲೆಯಾಗಬಹುದೆಂದು ಹೊಳೆದಿರಲಿಲ್ಲ. ಬೇರೆಯಾದರೆ ಎಲ್ಲಿ ಸೇರುವುದು, ಯಾರ ಚೀಲದಲ್ಲಿ ಏನಿರಬೇಕು ಎಂಬ ಎರಡು ಸಾಲುಗಳನ್ನೂ ಬರೆದಿರಲಿಲ್ಲ. ಕರಡಿ ಓಡಿಸುವ ಸ್ಪ್ರೇಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಅಲ್ಲೇ ಕೊಳ್ಳಿ, ಕರಡಿಯಿಂದ 300 ಗಜ ದೂರವಿರಿ ಎಂದೆಲ್ಲ ಎಚ್ಚರಿಸಿದ್ದವನು ಊಟದ ಡಬ್ಬಿಯ ವಿಷಯ ಮರೆತಿದ್ದೆ.

ಮರುದಿನ ಬರಿದಾಗಿದ್ದದ್ದು ಅದೃಷ್ಟ. ಮೊದಲ ಯೋಜನೆಯಂತಾದರೆ ಆ ಬೆಳಿಗ್ಗೆ ಅಜ್ಜಿ ಮತ್ತೆ ಕಾರು ಹತ್ತಬೇಕಿತ್ತು. ಅವರು ಮಧ್ಯಾಹ್ನದವರೆಗೆ ಮಲಗಿದರು. ಆಮೇಲೆ ಹಿಮದ ಮೇಲೆ ಜಾರುಬಂಡಿ ಎಳೆಯುವ ಉದ್ಯಾನದ ನಾಯಿಗಳನ್ನು ನೋಡಲು ಎಲ್ಲರೂ ಹೋದರು. ಅರ್ಧ ಗಂಟೆಯ ಪ್ರದರ್ಶನ, ಹಣ ಕೊಡಬೇಕಿಲ್ಲ. ಸಂಜೆ ಸ್ಯಾವೇಜ್ ನದಿಯವರೆಗೆ ಕಾರಿನಲ್ಲೇ ಹೋದಾಗ ಎತ್ತರದ ಬಂಡೆಗಳಲ್ಲಿ ಬಿಳಿ ಚುಕ್ಕೆಗಳಂತೆ ಡಾಲ್ ಕುರಿಗಳು ಕಂಡವು. 1917ರಲ್ಲಿ ಆ ಉದ್ಯಾನವನ್ನು ಮಾಡಿದ್ದೇ ಬೇಟೆಗಾರರಿಂದ ಆ ಕುರಿಗಳನ್ನು ಉಳಿಸಲೆಂದು, 20,310 ಅಡಿಯ ಶಿಖರದ ಸಲುವಾಗಿ ಅಲ್ಲ ಎಂದು ಗಂಡ ಫಲಕವೊಂದನ್ನು ಓದಿ ಹೇಳಿದರಂತೆ. ಶಿಖರ ಮಾತ್ರ ಮೂರು ದಿನವೂ ಕಾಣಲಿಲ್ಲ. ಆಂಕರೇಜ್‌ಗೆ ಮರಳುವ ದಾರಿಯಲ್ಲಿ ಪಾರ್ಕ್ಸ್ ಹೆದ್ದಾರಿಯ 135ನೇ ಮೈಲಿಯ ವೀಕ್ಷಣಾ ತಾಣದಲ್ಲಿ ಗಂಡ ಇಪ್ಪತ್ತೈದು ನಿಮಿಷ ಮೋಡ ನೋಡುತ್ತ ನಿಂತರು. ‘ಸಾಕು ಬಾರೋ, ಮಗು ಹಸಿದಿದೆ’ ಎಂದು ಅಜ್ಜಿ ಕಾರಿನಿಂದ ಕರೆದ ಮೇಲೆ ಹೊರಟರು.

ಆನಂತರ

ಪ್ರವಾಸ ಯಶಸ್ವಿಯಾಯಿತೇ ಎಂದು ಕೇಳಿದರೆ ಗಂಡನ ಉತ್ತರ ಈಗಲೂ ‘ಮುಕ್ಕಾಲು’. ಸೊಸೆಯ ಉತ್ತರ ಬೇರೆ: ಒಂಬತ್ತು ದಿನದಲ್ಲಿ ಸೂಟ್‌ಕೇಸ್ ಕಟ್ಟಿದ್ದು ಐದು ಸಲ. ಕೂರುವ ಗಂಟೆಗಳನ್ನು ಅವರೇ ಆಮೇಲೆ ಕೂಡಿ ಕಳಿಸಿದರು, ಮೂವತ್ತರ ಒಳಗಿತ್ತು. ದಿನಕ್ಕೆ ಐದು ಎಂಬ ಮಿತಿ ಒಮ್ಮೆ ಮಾತ್ರ ಮೀರಿತು, ಅದೂ ಟೆಕ್ಲನಿಕಾದ ದಿನ. ಅಂದು ಮಿತಿ ದಾಟಿಸಿದ್ದು ಕಾದ ಹೊತ್ತು. ಕಾಯುವ ಹೊತ್ತನ್ನೂ ಕೂರುವ ಹೊತ್ತಿನಲ್ಲೇ ಸೇರಿಸಬೇಕೆಂಬುದು ನನಗೆ ಆಗ ತಿಳಿದದ್ದು.

ಈಗ ಸೊಸೆಯ ಅಕ್ಕನ ಕುಟುಂಬ ಅದೇ ಯೋಜನೆಯನ್ನು ಕೇಳಿದೆ. ಅವರು ಆರು ಮಂದಿ, ಅವರಲ್ಲಿ ಇಬ್ಬರು ಹಿರಿಯರು. ಕಳಿಸುವ ಮೊದಲು ಕೆಲವು ತಿದ್ದುಪಡಿ ಮಾಡಿದೆ. ಬಸ್ಸಿನಿಂದ ನಡುವೆ ಇಳಿಯುವ ಸಾಲನ್ನು ಹೊಡೆದುಹಾಕಿದೆ. ಮಾತ್ರೆ ಮತ್ತು ತಿಂಡಿ ಹಿರಿಯರ ಸ್ವಂತ ಜೇಬಿನಲ್ಲಿ, ಕೀಲಿ ಇಬ್ಬರ ಬಳಿ, ತಪ್ಪಿದರೆ ಸೇರುವುದು ಬಸ್ ನಿಲ್ದಾಣದಲ್ಲಿ ಎಂದು ಸೇರಿಸಿದೆ. ರಸ್ತೆ ಎಲ್ಲಿಯವರೆಗೆ ತೆರೆದಿದೆ ಎಂಬುದನ್ನು ಆ ವರ್ಷವೇ ಉದ್ಯಾನದ ಪ್ರಕಟಣೆಯಲ್ಲಿ ನೋಡಿಕೊಳ್ಳಿ ಎಂದು ಕೆಂಪಕ್ಷರದಲ್ಲಿ ಬರೆದೆ. ಇಲ್ಲವಾದರೆ 2018ರ ಟಿಪ್ಪಣಿಯಂತೆ ನಮ್ಮ 2024ರ ಟಿಪ್ಪಣಿಯೂ ಇನ್ನೊಬ್ಬರನ್ನು ದಾರಿ ತಪ್ಪಿಸೀತು. ದೋಣಿಯ ಸಾಲಿನಲ್ಲಿ ಮಾತ್ರ ಎರಡೂ ಯಾನಗಳನ್ನು ಅವುಗಳ ಗಂಟೆಗಳೊಂದಿಗೆ ಬರೆದು, ಯಾರು ಯಾವುದಕ್ಕೆ ಎಂಬ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಆ ಮನೆಯಲ್ಲೂ ಒಬ್ಬಳು ಹದಿಹರೆಯದ ಹುಡುಗಿ ಇದ್ದಾಳೆ.